ಕಡಲ ಹುಳದ ಮರಿಗಳ ಪ್ರವಾಸ

(ಬಿ.ಎ. ಅಂತಿಮ ವರ್ಷದ ಓರ್ವ ವಿದ್ಯಾರ್ಥಿ, ಕೆರೂರ)

ಕೆರೂರಿನಿಂದ ಕಡಲು ಬಹು ದೂರ. ನಮ್ಮೂರಲ್ಲಿ ಬಸ್ಸು ಹತ್ತಿ, ಕುಳಗೇರಿ ಕ್ರಾಸ್, ನರಗುಂದ, ನವಲಗುಂದಗಳನ್ನು ದಾಟಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಯಲ್ಲಾಪುರದ ಕಾಡು, ಅರಬೈಲ ಘಟ್ಟ, ಅಂಕೋಲೆಗಳ ಮೇಲೆ ಕಾರವಾರವನ್ನು ಮುಟ್ಟುವಷ್ಟರಲ್ಲಿ ಒಂದು ಹಗಲು ಮುಗಿದಿರುತ್ತದೆ. ನಮ್ಮ ಸೀಮೆಯ ಮಲಪ್ರಭೆಯೂ ಕೊನೆಗೆ ಕಡಲನ್ನೇ ಸೇರುವಳು. ಆದರೆ ಅವಳ ಮುಖ ಪೂರ್ವಕ್ಕೆ. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಬಂಗಾಲ ಉಪಸಾಗರದ ಕಡೆಗೆ ನಡೆದುಬಿಡುವಳು. ಹೀಗಾಗಿ ಕಳೆದ ಡಿಸೆಂಬರಿನಲ್ಲಿ ಭೂಗೋಲ ವಿಭಾಗದವರ ಅಭ್ಯಾಸ ಪ್ರವಾಸದಲ್ಲಿ ಕಾರವಾರಕ್ಕೆ ಹೋಗುವವರೆಗೆ ನಾನು ಸಮುದ್ರವನ್ನು ಪಟದಲ್ಲಲ್ಲದೆ ಬೇರೆಲ್ಲಿಯೂ ಕಂಡವನಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರೂ ಇಲ್ಲ, ಕಡಲನ್ನು ಕಂಡವರೂ ಇಲ್ಲ.

ತಿರುಗಿ ಬಂದ ದಿನ ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಆಯಿ ಕೇಳಿದಳು: “ಸಮುದ್ರದಾಗ ಏನೇನ ನೋಡಿ ಬಂದ್ಯೋ ತಮ್ಮಾ?” ನಾನು ಹಡಗು, ಬಂದರು, ದ್ವೀಪಗಳನ್ನೆಲ್ಲ ಹೇಳಿ ಮುಗಿಸಿ, ಎಲ್ಲಕ್ಕೂ ಹೆಚ್ಚು ನನ್ನ ಮನಸ್ಸಿನಲ್ಲಿ ನಿಂತದ್ದು ಸೂಕ್ಷ್ಮದರ್ಶಕದ ಕೆಳಗೆ ಕಂಡ ಹುಳದ ಮರಿ ಎಂದೆ. ಆಕೆ ನಕ್ಕಳು. “ಹುಳದ ಮರಿ ನೋಡಾಕ ಅಷ್ಟ ದೂರ ಹೋಗಬೇಕಿತ್ತೇನು? ನಮ್ಮ ಬಾವ್ಯಾಗ ಬೇಕಾದಷ್ಟ ಇದ್ದೂವು” ಎಂದು ತನ್ನ ಎಡಗಾಲನ್ನು ಮುಂದೆ ಚಾಚಿ, ಹಿಮ್ಮಡಿಯ ಮೇಲಿನ ಹಳೆಯ ಕಲೆಯನ್ನು ತೋರಿಸಿದಳು. ಆ ಕಲೆಯನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೆ. ಅದು ಏತರದೆಂದು ಒಮ್ಮೆಯೂ ಕೇಳಿರಲಿಲ್ಲ. ಅದು ನಾರುಹುಣ್ಣಿನ ಕಲೆ.

ಆ ರಾತ್ರಿ ಆಕೆ ಹೇಳಿದ ಮಾತಿನಿಂದಲೇ ಈ ಲೇಖನ ಹುಟ್ಟಿತು. ಕಡಲ ಹುಳಕ್ಕೂ ನಮ್ಮ ಬಯಲುಸೀಮೆಯ ಬಾವಿಯ ಹುಳಕ್ಕೂ ನೆಂಟಸ್ತನವಿಲ್ಲ. ಅವು ಬೇರೆ ಬೇರೆ ವರ್ಗದವು. ಆದರೆ ಎರಡರ ಕಥೆಯೂ ಒಂದೇ ಮಾತನ್ನು ಹೇಳುತ್ತದೆ: ಹುಳವು ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂಬುದನ್ನು ಗೊತ್ತುಮಾಡುವದು ಬೆಳೆದ ಹುಳವಲ್ಲ, ಅದರ ಮರಿ ಹಿಡಿಯುವ ದಾರಿ. ಆ ದಾರಿಯನ್ನು ಅರಿತವನು ಅದನ್ನು ಕಡಿಯಲೂ ಬಲ್ಲ, ಕಾಯಲೂ ಬಲ್ಲ. ಇದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವದೇ ನನ್ನ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ; ತಪ್ಪಿದಲ್ಲಿ ಗುರುಗಳು ತಿದ್ದಬೇಕೆಂದು ವಿನಂತಿ.

ಮೊದಲು ಬಾವಿಯ ಹುಳದ ಮಾತನ್ನು ಮುಗಿಸಿಬಿಡುತ್ತೇನೆ. ನಾರುಹುಳವು ಮನುಷ್ಯನ ಚರ್ಮದ ಕೆಳಗೆ ಸುಮಾರು ಒಂದು ಮೀಟರಿನವರೆಗೆ ಬೆಳೆಯುವ ದಾರದಂಥ ಹುಳ. ಅದು ಕಾಲಿನಲ್ಲಿ ಬೊಕ್ಕೆ ಎಬ್ಬಿಸುತ್ತದೆ. ಉರಿ ತಾಳದೆ ರೋಗಿಯು ಮೆಟ್ಟಿಲಬಾವಿಗೆ ಇಳಿದು ಕಾಲನ್ನು ನೀರಿನಲ್ಲಿಟ್ಟ ಕೂಡಲೆ ಹುಳವು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ, ಸುಮಾರು ಒಂದು ಮಿಲಿಮೀಟರು ಉದ್ದದ ನೀರುಚಿಗಟೆ ನುಂಗುತ್ತದೆ. ಆ ಚಿಗಟೆಯನ್ನು ನೀರಿನೊಡನೆ ಮನುಷ್ಯನು ಕುಡಿಯುತ್ತಾನೆ. ಒಂದು ವರ್ಷದ ಮೇಲೆ ಅವನ ಕಾಲಿನಲ್ಲಿ ಬೊಕ್ಕೆ ಏಳುತ್ತದೆ. ಈ ದಾರಿಯಲ್ಲಿ ಸೈಕ್ಲಾಪ್ಸಿನ ಪಾತ್ರವನ್ನು 1870ರ ಸುಮಾರಿಗೆ ಕಂಡುಹಿಡಿದವನು ರಶಿಯದ ಫೆಡ್ಚೆಂಕೊ ಎಂಬ ಶಾಸ್ತ್ರಜ್ಞ. ಇದಕ್ಕೆ ಔಷಧಿ ಸಿಗಲಿಲ್ಲ, ಲಸಿಕೆಯೂ ಸಿಗಲಿಲ್ಲ. ಆದರೂ ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಆರಂಭವಾದ ನಿರ್ಮೂಲನ ಕಾರ್ಯದಿಂದ ರೋಗವು ಅಳಿಯಿತು. ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾಡಿದ್ದಾದರೂ ಏನು? ಕಾಲಿಟ್ಟು ಇಳಿಯುವ ಬಾವಿಗಳನ್ನು ಬಿಡಿಸಿ ಬೋರಿನ ನೀರು ಕೊಟ್ಟರು, ಬಾವಿಗೆ ಔಷಧ ಹಾಕಿ ಚಿಗಟೆಯನ್ನು ಕೊಂದರು, ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಲು ಕಲಿಸಿದರು. ಅಂದರೆ ಮರಿಯ ದಾರಿಯನ್ನು ಕಡಿದರು. ಅಷ್ಟೇ ಸಾಕಾಯಿತು.

ಈಗ ಕಡಲಿಗೆ ಹೋಗೋಣ.

ಕಾರವಾರದಲ್ಲಿ ಕಾಳೀ ನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಜೋಯಿಡಾದ ಘಟ್ಟದಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಬಂದ ಹೊಳೆ ಅಲ್ಲಿ ಅಗಲವಾಗಿ ಹರಡಿಕೊಂಡಿದೆ. ಇಂಥ ಸ್ಥಳಕ್ಕೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದ ಹೊತ್ತಿನಲ್ಲಿ ನಾವು ಒದ್ದೆ ಉಸುಕಿನ ಮೇಲೆ ನಡೆಯುತ್ತಿರುವಾಗ ಅಲ್ಲಲ್ಲಿ ಬೆರಳು ದಪ್ಪದ ಕೊಳವೆಗಳು ನೆಲದಿಂದ ಮೇಲೆದ್ದಿದ್ದವು. ಅವುಗಳ ಮೈಗೆ ಚಿಪ್ಪಿನ ಚೂರು, ಕಸಕಡ್ಡಿಗಳು ಅಂಟಿಕೊಂಡಿದ್ದವು. ನಾನು ಕಸವೆಂದು ತುಳಿಯಹೋದೆ. ಜೊತೆಗಿದ್ದ ಗುರುಗಳು ತಡೆದು, “ಅದು ಒಂದು ಮನೆ, ಒಳಗೆ ಒಡೆಯನಿದ್ದಾನೆ” ಎಂದರು. ಅದು ಡಯೋಪಟ್ರಾ ಎಂಬ ಕುಲದ ಹುಳದ ಮನೆ.

ಈ ಜಾತಿಯ ಹುಳಗಳಿಗೆ ಪ್ರಾಣಿಶಾಸ್ತ್ರದಲ್ಲಿ ಪಾಲಿಕೀಟ್ ಎಂದು ಹೆಸರು. ಎರೆಹುಳದ ದಾಯಾದಿಗಳು. ಎರೆಹುಳದ ಮೈಯಂತೆಯೇ ಉಂಗುರ ಉಂಗುರವಾದ ಮೈ. ಆದರೆ ಪ್ರತಿಯೊಂದು ಉಂಗುರದ ಎರಡೂ ಬದಿಗೆ ಬಿರುಗೂದಲಿನ ಕಟ್ಟುಗಳಿರುತ್ತವೆ. ಜಗತ್ತಿನಲ್ಲಿ ಇವುಗಳ ಹತ್ತು ಸಾವಿರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ. ಕೆಲವು ಕೆಸರಿನಲ್ಲಿ ಹರಿದಾಡುತ್ತವೆ, ಕೆಲವು ಉಸುಕಿನಲ್ಲಿ ಕೊಳವೆ ಕಟ್ಟುತ್ತವೆ, ಕೆಲವು ಬಂಡೆಗೂ ದೋಣಿಯ ತಳಕ್ಕೂ ಸುಣ್ಣದ ಬಿಳಿ ನಳಿಗೆಯನ್ನು ಅಂಟಿಸಿಕೊಂಡು ಅದರೊಳಗೆ ಜನ್ಮ ಕಳೆಯುತ್ತವೆ. ಸುಣ್ಣದ ನಳಿಗೆಯಲ್ಲಿರುವ ಹುಳವು ಒಮ್ಮೆ ಅಂಟಿತೆಂದರೆ ಮತ್ತೆ ಒಂದು ಗೇಣು ಕೂಡ ಸರಿಯಲಾರದು.

ಹಾಗಿದ್ದಮೇಲೆ ಒಂದು ಪ್ರಶ್ನೆ ಏಳುವದು ಸಹಜ. ಮನೆ ಬಿಟ್ಟು ಕದಲದ ಈ ಹುಳಗಳು ಕಾರವಾರದಲ್ಲಿಯೂ ಇವೆ, ಹೊನ್ನಾವರದಲ್ಲಿಯೂ ಇವೆ, ಗೋವೆಯಲ್ಲಿಯೂ ಇವೆ. ಹೊಸದಾಗಿ ಕಡಲಿಗಿಳಿಸಿದ ದೋಣಿಯ ತಳದಲ್ಲಿ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅಲ್ಲಿಗೆ ಹೋದದ್ದು ಹೇಗೆ?

ಹೋದದ್ದು ಮರಿಯಾಗಿ. ಹೆಣ್ಣುಹುಳ ಗಂಡುಹುಳಗಳು ಬೀಜವನ್ನು ನೀರಿಗೆ ಬಿಡುತ್ತವೆ. ತತ್ತಿಗಳು ನೀರಿನಲ್ಲಿಯೇ ಫಲಿಸುತ್ತವೆ. (ತತ್ತಿಗಳನ್ನು ತಮ್ಮ ಕೊಳವೆಯಲ್ಲಿ ಕೆಲಕಾಲ ಕಾಪಾಡುವ ಹುಳಗಳೂ ಉಂಟು.) ಒಂದು ಎರಡು ದಿನಗಳಲ್ಲಿ ತತ್ತಿಯಿಂದ ಹೊರಬೀಳುವ ಮರಿಯು ತಾಯಿಯನ್ನು ಕಿಂಚಿತ್ತೂ ಹೋಲುವದಿಲ್ಲ. ಇಂಥ ಮರಿಗೆ ಲಾರ್ವಾ ಎನ್ನುವರು. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅಲ್ಲಿ ನಮಗೆ ಅದನ್ನು ತೋರಿಸಿದರು. ದೋಣಿಯ ಹಿಂದೆ ಸಣ್ಣ ಕಣ್ಣಿನ ಅರಿವೆಯ ಚೀಲವೊಂದನ್ನು ಎಳೆದಿದ್ದರು. ಅದರ ತುದಿಗೆ ಕಟ್ಟಿದ ಸೀಸೆಯಲ್ಲಿ ಕೂಡಿದ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡೆಂದರು. ಕಲಾ ವಿಭಾಗದವನಾದ ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟದ್ದು ಅದೇ ಮೊದಲು. ಮೊದಲು ನನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಬೆಳಕಿನ ನಡುವೆ ಗಾಜಿನಂತೆ ತಿಳಿಯಾದ ಒಂದು ಬುಗುರಿ ತಿರುಗುತ್ತ ಬಂದು, ತಿರುಗುತ್ತಲೇ ಹೋಯಿತು.

ಆ ಬುಗುರಿಯ ಹೆಸರು ಟ್ರೋಕೋಫೋರ್. ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಇದರ ಗಾತ್ರ. ಸೊಂಟಕ್ಕೆ ಪಟ್ಟಿ ಕಟ್ಟಿದಂತೆ ಒಂದು ಸುತ್ತು ನವುರಾದ ರೋಮಗಳು. ಇವಕ್ಕೆ ಸಿಲಿಯಾ ಎಂದು ಹೆಸರು. ಗಾಳಿಗೆ ಜೋಳದ ಹೊಲ ತೂಗುವಂತೆ ಈ ರೋಮಗಳು ಒಂದರ ಹಿಂದೊಂದು ಬಾಗಿ ಏಳುತ್ತವೆ. ಆ ಬಡಿತದಿಂದ ಮರಿಯು ತನ್ನ ಸುತ್ತ ತಾನೇ ತಿರುಗುತ್ತ ಮುಂದೆ ಸಾಗುತ್ತದೆ. ದಿನ ಕಳೆದಂತೆ ಹಿಂಭಾಗವು ಉದ್ದವಾಗಿ ಉಂಗುರಗಳು ಮೂಡುತ್ತವೆ, ಬಿರುಗೂದಲು ಬರುತ್ತದೆ, ಹುಳದ ಆಕಾರ ಕಾಣತೊಡಗುತ್ತದೆ. ಕೊನೆಗೆ ಅದು ತಳಕ್ಕೆ ಇಳಿದು, ಈಜುವ ರೋಮಗಳನ್ನು ಕಳೆದುಕೊಂಡು, ನೆಲದ ಜೀವಿಯಾಗುತ್ತದೆ.

ಈ ಮರಿಗಳು ನೀರಿನಲ್ಲಿ ಎಷ್ಟು ದಿನ ಇರುತ್ತವೆ ಎಂಬುದು ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಅವಲಂಬಿಸಿದೆ. ಕೆಲವು ಹುಳಗಳು ಕಡಿಮೆ ತತ್ತಿಗಳನ್ನಿಟ್ಟು ಪ್ರತಿಯೊಂದರಲ್ಲಿಯೂ ಸಾಕಷ್ಟು ಬಂಡಾರವನ್ನು ತುಂಬುತ್ತವೆ. ಅವುಗಳ ಮರಿಗೆ ಹೊರಗಿನ ಆಹಾರ ಬೇಡ. ಕೆಲವು ತಾಸು ಅಥವಾ ಕೆಲವು ದಿನ ಈಜಿ ನೆಲಕ್ಕಿಳಿಯುತ್ತವೆ. ಇನ್ನು ಕೆಲವು ಸಾವಿರಗಟ್ಟಲೆ, ಲಕ್ಷಗಟ್ಟಲೆ ಸಣ್ಣ ತತ್ತಿಗಳನ್ನು ಬಿಡುತ್ತವೆ. ಅವುಗಳ ಮರಿಗೆ ಬುತ್ತಿಯಿಲ್ಲ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಗಳನ್ನು ತಿನ್ನುತ್ತ ಅವು ವಾರಗಟ್ಟಲೆ ಅಲೆಯಬೇಕು. ಡೆನ್ಮಾರ್ಕಿನ ಗುನ್ನಾರ್ ಥೋರ್ಸನ್ ಎಂಬ ವಿದ್ವಾಂಸರು ತಮ್ಮ ದೇಶದ ಕಡಲಿನ ಇಂಥ ಮರಿಗಳನ್ನು ವರ್ಷಗಟ್ಟಲೆ ಹಿಡಿದು, ಗುರುತಿಸಿ, 1946ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ತಳದ ಜೀವಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿಳಿಯುವದಕ್ಕೆ ಕಾರಣವನ್ನು ಮರಿಗಳ ಬಾಳಿನಲ್ಲಿ ಹುಡುಕಬೇಕೆಂದು ತೋರಿಸಿದವರಲ್ಲಿ ಅವರು ಮುಖ್ಯರು. ಅಲೆಯುವ ಮರಿಗಳಲ್ಲಿ ಬಹುಪಾಲು ಮೀನಿನ ಬಾಯಿಗೆ ಹೋಗುತ್ತವೆ, ಹಸಿವಿನಿಂದ ಸಾಯುತ್ತವೆ, ಇಲ್ಲವೆ ನೆಲ ಸಿಗದ ಕಡೆಗೆ ತೇಲಿಹೋಗುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಹುಳದ ಮರಿಯು ಈಜುವ ವೇಗ ಹೆಚ್ಚೆಂದರೆ ಸೆಕೆಂಡಿಗೆ ಒಂದು ಮಿಲಿಮೀಟರಿನ ಆಸುಪಾಸು. ಹಗಲು ರಾತ್ರಿ ನೇರವಾಗಿ ಈಜಿದರೂ ದಿನಕ್ಕೆ 86 ಮೀಟರು. ಬಸ್‌ಸ್ಟ್ಯಾಂಡಿನ ಈ ಕಡೆಯಿಂದ ಆ ಕಡೆಗೆ ಹೋದಂತಾಯಿತು. ಕರಾವಳಿಯ ನೀರಿನ ಹರಿವು ಮೆಲ್ಲಗಿದ್ದಾಗಲೂ ಸೆಕೆಂಡಿಗೆ 10 ಸೆಂಟಿಮೀಟರು ಎಂದು ಹಿಡಿಯಿರಿ. ಅದು ಮರಿಯ ವೇಗದ ನೂರು ಪಟ್ಟು. ದಿನಕ್ಕೆ ಎಂಟೂವರೆ ಕಿಲೋಮೀಟರಿಗಿಂತ ಹೆಚ್ಚು. ಒಂದು ತಿಂಗಳು ಒಂದೇ ದಿಕ್ಕಿಗೆ ಹರಿದರೆ ಸುಮಾರು 260 ಕಿಲೋಮೀಟರು. ನಮ್ಮ ರಾಜ್ಯದ ಕರಾವಳಿಯ ಉದ್ದವೇ ಮುನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಅಂದಮೇಲೆ ಪ್ರವಾಹದ ಎದುರು ಮರಿಯ ಈಜು ಏನೂ ಅಲ್ಲ, ಅದು ಬಿರುಗಾಳಿಗೆ ಸಿಕ್ಕ ಹತ್ತಿಯ ಅರಳೆ ಎಂದೇ ನಾವು ತಿಳಿಯುವೆವು. ಬಹುಕಾಲ ಶಾಸ್ತ್ರಜ್ಞರಲ್ಲಿಯೂ ಅನೇಕರು ಹಾಗೆಯೇ ತಿಳಿದಿದ್ದರು.

ಆದರೆ ಈ ಲೆಕ್ಕದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಕಡಲು ಅಡ್ಡಕ್ಕೆ ದೊಡ್ಡದು, ಆಳಕ್ಕೆ ಅಷ್ಟು ದೊಡ್ಡದಲ್ಲ. ದಂಡೆಯ ಸಮೀಪ ನೀರಿನ ಆಳ 10 ಮೀಟರೆಂದು ಹಿಡಿದರೆ, ಅದೇ ಮರಿಯು ಅದೇ ವೇಗದಿಂದ ಮೂರು ತಾಸಿನೊಳಗೆ ತಳದಿಂದ ಮೇಲಕ್ಕೆ ಬರಬಲ್ಲದು. ಅಡ್ಡಕ್ಕೆ ಏನೂ ಮಾಡಲಾರದ ಜೀವಿಯು ಮೇಲೆ ಕೆಳಗೆ ಹೋಗುವದರಲ್ಲಿ ಸಮರ್ಥ. ಮತ್ತು ಮೇಲಿನ ನೀರು ಹರಿಯುವ ದಿಕ್ಕೇ ಬೇರೆ, ಕೆಳಗಿನ ನೀರಿನ ದಿಕ್ಕೇ ಬೇರೆ ಆಗಿರುವದು ಎಷ್ಟೋ ಸಲ ಉಂಟು.

ಅಳಿವೆಯನ್ನೇ ನೋಡಿರಿ. ಹೊಳೆಯ ಸಿಹಿನೀರು ಹಗುರ, ಕಡಲ ಉಪ್ಪುನೀರು ಭಾರ. ಹೊಳೆಯಲ್ಲಿ ನೀರು ಜೋರಾಗಿರುವಾಗ ಸಿಹಿನೀರು ಮೇಲೆ ಮೇಲೆ ಕಡಲಿಗೆ ಹೋಗುತ್ತಿದ್ದರೆ, ಕೆಳಗೆ ಉಪ್ಪುನೀರು ಬೆಣೆಯಂತೆ ಒಳಕ್ಕೆ ಬರುತ್ತಿರುತ್ತದೆ. ಒಂದೇ ರಸ್ತೆಯ ಮೇಲೆ ಹೋಗುವ ಬಸ್ಸು, ಬರುವ ಬಸ್ಸು ಇದ್ದಂತೆ. ಮೇಲೆ ಇದ್ದ ಮರಿ ಹೊರಗೆ ಹೋಗುತ್ತದೆ. ತಳಕ್ಕೆ ಇಳಿದ ಮರಿ ಒಳಗೆ ಉಳಿಯುತ್ತದೆ. ಫ್ರಾನ್ಸಿನಲ್ಲಿ ಸೇನ್ ನದಿಯು ಕಡಲನ್ನು ಸೇರುವ ಕೊಲ್ಲಿಯಲ್ಲಿ ಓವೇನಿಯಾ, ಪೆಕ್ಟಿನೇರಿಯಾ ಎಂಬ ಹುಳಗಳ ಮರಿಗಳನ್ನು ಪರೀಕ್ಷಿಸಿದವರಿಗೆ ಇದೇ ಕಂಡುಬಂದಿತು: ಬೆಳೆಯುತ್ತ ಹೋದಂತೆ ಮರಿಗಳು ಕೆಳಗಿನ ನೀರಿಗೆ ಇಳಿಯುತ್ತವೆ, ಇದರಿಂದ ಕೊಲ್ಲಿಯ ಹೊರಗೆ ಕೊಚ್ಚಿಹೋಗದೆ ಉಳಿಯುವದು ಅವಕ್ಕೆ ಸುಲಭವಾಗುತ್ತದೆ. ಉಬ್ಬರದ ಹೊತ್ತಿಗೆ ಮೇಲೆದ್ದು ಇಳಿತದ ಹೊತ್ತಿಗೆ ತಳವನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಒಳನಾಡಿಗೆ ಬರುವ ಉಪಾಯವನ್ನು ಏಡಿ, ಸಿಗಡಿಗಳ ಮರಿಗಳಲ್ಲಿ ಚೆನ್ನಾಗಿ ಗುರುತಿಸಿದ್ದಾರೆ.

ಮಿದುಳೆಂಬುದು ಇನ್ನೂ ಸರಿಯಾಗಿ ಮೂಡದ ಈ ಮರಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುವದು ಹೇಗೆ? ಇದಕ್ಕೆ ಉತ್ತರ ದೊರೆತದ್ದು ಇತ್ತೀಚೆಗೆ. ಪ್ಲ್ಯಾಟಿನೆರಿಸ್ ಎಂಬ ಹುಳದ ಮರಿಗೆ ಎರಡು ಕಣ್ಣುಗಳಿವೆ. ಕಣ್ಣೆಂದರೆ ಏನು? ಬೆಳಕನ್ನು ಅರಿಯುವ ಒಂದು ಜೀವಕೋಶ, ಅದಕ್ಕೆ ಮರೆ ಹಿಡಿಯುವ ಕಪ್ಪು ಬಣ್ಣದ ಇನ್ನೊಂದು ಜೀವಕೋಶ, ಅಷ್ಟೇ. ಮರಿಯು ತಿರುಗುತ್ತ ಸಾಗುವದರಿಂದ ಕಣ್ಣು ಒಮ್ಮೆ ಬೆಳಕಿಗೆ, ಒಮ್ಮೆ ಮರೆಗೆ ಬರುತ್ತದೆ. ಬೆಳಕು ಬಿದ್ದ ಕ್ಷಣದಲ್ಲಿ ಆ ಬದಿಯ ರೋಮಗಳ ಬಡಿತವು ತುಸು ಬದಲಾಗಿ ಮರಿಯ ಮುಖ ಬೆಳಕಿನತ್ತ ಹೊರಳುತ್ತದೆ. ಕಣ್ಣಿನಿಂದ ನರವು ಮಧ್ಯಸ್ಥರಿಲ್ಲದೆ ನೇರವಾಗಿ ರೋಮದ ಕೋಶಗಳಿಗೆ ಹೋಗುತ್ತದೆ ಎಂಬುದನ್ನು ಜರ್ಮನಿಯಲ್ಲಿ ಗಾಷ್ಪಾರ್ ಯೇಕೆಯ್ ಮತ್ತು ಅವರ ಸಂಗಡಿಗರು 2008ರಲ್ಲಿ ತೋರಿಸಿದರು. ನಮಗೆ ರಾತ್ರಿ ನಿದ್ದೆ ಬರಿಸುವ ಮೆಲಟೋನಿನ್ ಎಂಬ ರಸವೇ ಈ ಮರಿಯಲ್ಲಿಯೂ ಇದ್ದು, ರಾತ್ರಿಯ ಹೊತ್ತು ರೋಮಗಳ ಬಡಿತವನ್ನು ಆಗಾಗ ನಿಲ್ಲಿಸಿ ಅದನ್ನು ಕೆಳಗೆ ಇಳಿಸುತ್ತದೆ ಎಂಬುದು 2014ರಲ್ಲಿ ತಿಳಿದುಬಂದಿತು. ನೀರಿನ ಒತ್ತಡ ಹೆಚ್ಚಿದರೆ ಅದು ಮೇಲಕ್ಕೆ ಈಜುವದನ್ನೂ ಕಂಡುಕೊಂಡಿದ್ದಾರೆ. ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದಾದ ಜೀವಕ್ಕೆ ಹಗಲು, ಇರುಳು, ಆಳ ಮೂರೂ ಗೊತ್ತಾಗುತ್ತವೆ ಎಂದರೆ ಯಾರಿಗೆ ಆಶ್ಚರ್ಯವಾಗದು?

ಇದರ ಜೊತೆಗೆ ಕಾಲದ ಮಾತೂ ಇದೆ. ನಮ್ಮ ಪಶ್ಚಿಮ ಕರಾವಳಿಯ ಗುಂಟ ಹರಿಯುವ ದೊಡ್ಡ ಪ್ರವಾಹವು ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಜೂನದಿಂದ ಸೆಪ್ಟೆಂಬರದವರೆಗೆ, ಮುಂಗಾರಿನ ಕಾಲದಲ್ಲಿ, ಅದು ದಕ್ಷಿಣಕ್ಕೆ ಹರಿಯುತ್ತದೆ. ನವೆಂಬರದಿಂದ ಫೆಬ್ರುವರಿಯವರೆಗೆ ಉತ್ತರಕ್ಕೆ. ಆದ್ದರಿಂದ ಕಾರವಾರದ ಹೊರಗಿನ ನೀರಿಗೆ ಬಿದ್ದ ಮರಿಯು ಮಳೆಗಾಲದಲ್ಲಾದರೆ ಹೊನ್ನಾವರ, ಭಟ್ಕಳಗಳ ಕಡೆಗೆ, ಚಳಿಗಾಲದಲ್ಲಾದರೆ ಗೋವೆಯ ಕಡೆಗೆ ಒಯ್ಯಲ್ಪಡುವ ಸಂಭವ ಹೆಚ್ಚು. ತಾಯಿ ಬೀಜ ಬಿಡುವ ತಿಂಗಳು ಯಾವುದು ಎಂಬುದರಿಂದಲೇ ಮರಿಯ ದಿಕ್ಕು ಅರ್ಧ ನಿಶ್ಚಯವಾಗಿಬಿಡುತ್ತದೆ. ಉಳಿದರ್ಧವನ್ನು ದಂಡೆಯ ಆಕಾರ ನಿಶ್ಚಯಿಸುತ್ತದೆ. ಕಾರವಾರದ ದಂಡೆ ನೇರವಾದ ಗೆರೆಯಲ್ಲ. ಅಲ್ಲಿ ಕೊಲ್ಲಿಗಳಿವೆ, ಗುಡ್ಡದ ಮೂಗುಗಳಿವೆ, ಕೂರ್ಮಗಡ, ದೇವಗಡದಂಥ ದ್ವೀಪಗಳಿವೆ. ಇಂಥ ಕಡೆ ನೀರು ಸುತ್ತಿ ಸುತ್ತಿ ನಿಲ್ಲುತ್ತದೆ, ಉಬ್ಬರ ಇಳಿತಗಳು ಒಯ್ದದ್ದನ್ನು ತಿರುಗಿ ತರುತ್ತವೆ. ಹೀಗಾಗಿ ನಾವು ಮೇಲೆ ಮಾಡಿದ 260 ಕಿಲೋಮೀಟರಿನ ಲೆಕ್ಕ ಕಾಗದದ ಮೇಲಿನದು. ಎಷ್ಟೋ ಮರಿಗಳು ಹುಟ್ಟಿದ ಕೊಲ್ಲಿಯ ಆಸುಪಾಸಿನಲ್ಲೇ ನೆಲೆಸುತ್ತವೆ. ಕೆಲವೇ ಕೆಲವು ದೂರದ ಊರನ್ನು ಮುಟ್ಟುತ್ತವೆ. ಆದರೆ ಆ ಕೆಲವೇ ಕೆಲವು ದೂರದ ಊರುಗಳನ್ನು ಒಂದಕ್ಕೊಂದು ಬೆಸೆದು, ಬರಿದಾದ ಕಡೆ ಮತ್ತೆ ಬದುಕನ್ನು ತರುತ್ತವೆ.

ಪ್ರವಾಸದ ಕೊನೆಯ ಅಂಕವೇ ಎಲ್ಲಕ್ಕೂ ಮಹತ್ವದ್ದು: ಎಲ್ಲಿ ಇಳಿಯಬೇಕು? ಸುಣ್ಣದ ನಳಿಗೆ ಕಟ್ಟುವ ಹುಳಕ್ಕೆ ಇದು ಒಂದೇ ಸಲ ಮಾಡುವ ಆಯ್ಕೆ. ಇಂಗ್ಲಂಡಿನ ಪ್ಲಿಮತ್ತಿನಲ್ಲಿ ಡಿ. ಪಿ. ವಿಲ್ಸನ್ ಎಂಬ ಸಂಶೋಧಕರು ಕಳೆದ ಶತಮಾನದ ನಡುಭಾಗದಲ್ಲಿ ಒಫೀಲಿಯಾ ಎಂಬ ಉಸುಕಿನ ಹುಳದ ಮರಿಗಳಿಗೆ ಬೇರೆ ಬೇರೆ ಉಸುಕನ್ನು ಇಟ್ಟು ನೋಡಿದರು. ಒಗ್ಗದ ಉಸುಕನ್ನು ಕೊಟ್ಟರೆ ಮರಿಗಳು ಇಳಿದು, ಮುಟ್ಟಿ ನೋಡಿ, ಮತ್ತೆ ಎದ್ದು ಈಜುತ್ತ ದಿನಗಳನ್ನು ಮುಂದೂಡುತ್ತಿದ್ದವು. ಒಗ್ಗಿದ ಉಸುಕು ಸಿಕ್ಕೊಡನೆ ನೆಲೆಸಿದವು. ಅದೇ ಒಳ್ಳೆಯ ಉಸುಕನ್ನು ಔಷಧದಿಂದ ತೊಳೆದು ಸ್ವಚ್ಛ ಮಾಡಿದರೆ ಅವು ಅದನ್ನು ಮೆಚ್ಚಲಿಲ್ಲ. ಮರಿ ಹುಡುಕುತ್ತಿದ್ದದ್ದು ಕಾಳಿನ ಗಾತ್ರವನ್ನು ಮಾತ್ರವಲ್ಲ, ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳ ತೆಳುಪದರವನ್ನು. ದೋಣಿಯ ತಳಕ್ಕೆ ಅಂಟುವ ಹೈಡ್ರಾಯ್ಡಿಸ್ ಎಂಬ ಹುಳದ ವಿಷಯವೂ ಹೀಗೆಯೇ. ಹವಾಯಿ ದ್ವೀಪಸಮೂಹದ ಪರ್ಲ್ ಹಾರ್ಬರಿನ ಈ ಹುಳವನ್ನು ಮೈಕೆಲ್ ಹ್ಯಾಡ್‌ಫೀಲ್ಡರು ದೀರ್ಘಕಾಲ ಅಭ್ಯಸಿಸಿದ್ದಾರೆ. ಒಂದು ಬ್ಯಾಕ್ಟೀರಿಯವು ತಯಾರಿಸುವ ಪಿಚಕಾರಿಯಂಥ ಸೂಕ್ಷ್ಮ ರಚನೆಗಳು ತಗಲಿದೊಡನೆ ಅದರ ಮರಿ ಹುಳವಾಗಿ ಮಾರ್ಪಡುತ್ತದೆ ಎಂಬುದು 2014ರಲ್ಲಿ ಪ್ರಕಟವಾಯಿತು. ಲೋಳೆಯಿಲ್ಲದ ನುಣುಪು ಗಾಜಿನ ಮೇಲೆ ಅದು ಇಳಿಯಲೊಲ್ಲದು.

“ಇಷ್ಟೆಲ್ಲ ತಿಳಿದು ಏನು ಪ್ರಯೋಜನ?” ಎಂದು ನನ್ನ ಗೆಳೆಯರು ಕೇಳಿದ್ದಾರೆ. ಪ್ರಯೋಜನವಿದೆ.

ಮಳೆಗಾಲದಲ್ಲಿ ಘಟ್ಟದ ಮೇಲಿನ ಮಳೆಯೆಲ್ಲ ಹೊಳೆಗಳಲ್ಲಿ ಇಳಿದು ಬರುತ್ತದೆ. ಅಳಿವೆಯ ನೀರು ತಿಂಗಳುಗಟ್ಟಲೆ ಸಿಹಿಯಾಗಿಬಿಡುತ್ತದೆ, ಕೆಸರು ಕೊಚ್ಚಿಹೋಗುತ್ತದೆ. ಉಪ್ಪುನೀರನ್ನೇ ನಂಬಿದ ಹುಳಗಳು ಅಲ್ಲಿ ಬಹುಮಟ್ಟಿಗೆ ನಾಶವಾಗುತ್ತವೆ. ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಇದು ವರ್ಷ ವರ್ಷವೂ ನಡೆಯುವ ಸಂಗತಿ. ಆದರೆ ಮಳೆ ನಿಂತು ಉಪ್ಪುನೀರು ಮತ್ತೆ ಒಳಗೆ ಬಂದ ಕೂಡಲೆ, ಅದರ ಸಂಗಡ ಮರಿಗಳೂ ಬರುತ್ತವೆ. ಚಳಿಗಾಲದ ಹೊತ್ತಿಗೆ ಬರಿದಾದ ಕೆಸರು ತುಂಬತೊಡಗುತ್ತದೆ. ಕರಾವಳಿಯವರು ಮೆಚ್ಚಿ ತಿನ್ನುವ ನಂಗು ಮೀನು ಇಂಥ ಹುಳಗಳನ್ನು ಆಯ್ದು ತಿನ್ನುತ್ತದೆ. ಸಿಗಡಿಗಳ ಆಹಾರದಲ್ಲಿಯೂ ಇವುಗಳ ಪಾಲಿದೆ. ನಮ್ಮ ಸಂತೆಗೆ ಬರುವ ಒಣಸಿಗಡಿಯ ಹಿಂದೆಯೂ ಈ ಮರಿಯ ಪ್ರವಾಸವಿದೆ ಎಂದರೆ ಅತಿಶಯೋಕ್ತಿಯಲ್ಲ. ಅಳಿವೆಯ ಬಾಯನ್ನು ಕಟ್ಟಿದರೆ, ತಳದ ಉಸುಕನ್ನು ಬಗೆದು ಒಯ್ದರೆ, ಊರ ಹೊಲಸನ್ನೆಲ್ಲ ಅದರಲ್ಲಿಯೇ ಸುರಿದರೆ ಮರಿ ಬರುವ ದಾರಿ ಕಟ್ಟುತ್ತದೆ, ಇಲ್ಲವೆ ಬಂದ ಮರಿಗೆ ಇಳಿಯಲು ನೆಲ ಸಿಗದಂತಾಗುತ್ತದೆ. ಒಂದು ಕೊಲ್ಲಿಯನ್ನು ಕಾಯಬೇಕಾದರೆ ಅದಕ್ಕೆ ಮರಿಗಳನ್ನು ಕಳಿಸುವ ನೆರೆಯ ಕೊಲ್ಲಿಯನ್ನೂ ಕಾಯಬೇಕಾಗುವದು.

ಇದರ ಇನ್ನೊಂದು ಮುಖವೂ ಇದೆ. ಪ್ರವಾಹವು ಒಯ್ಯಲಾರದಷ್ಟು ದೂರಕ್ಕೆ ಮರಿಯನ್ನು ಹಡಗು ಒಯ್ಯುತ್ತದೆ. ಹಡಗುಗಳು ಸರಕು ಇಲ್ಲದಾಗ ಸಮತೋಲಕ್ಕಾಗಿ ಹೊಟ್ಟೆಯಲ್ಲಿ ಕಡಲನೀರನ್ನು ತುಂಬಿಕೊಂಡು ಬಂದು ಬೇರೆ ಬಂದರಿನಲ್ಲಿ ಚೆಲ್ಲುತ್ತವೆ. ಆ ನೀರಿನಲ್ಲಿ ಸಾವಿರಾರು ಪರದೇಶಿ ಮರಿಗಳಿರುತ್ತವೆ. ತಳಕ್ಕೆ ಅಂಟಿದ ಹೈಡ್ರಾಯ್ಡಿಸ್ ಹುಳವು ಹೀಗೆಯೇ ಜಗತ್ತಿನ ಬೆಚ್ಚನೆಯ ಬಂದರುಗಳಲ್ಲೆಲ್ಲ ಹರಡಿದೆ. ಇಂಥ ನೀರನ್ನು ಶುದ್ಧಗೊಳಿಸಿಯೇ ಚೆಲ್ಲಬೇಕೆಂದು 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದು 2017ರ ಸೆಪ್ಟೆಂಬರದಲ್ಲಿ ಜಾರಿಗೆ ಬಂದಿತು. ಒಂದು ಕಡೆ ದಾರಿಯನ್ನು ತೆರೆದಿಡಬೇಕು, ಇನ್ನೊಂದು ಕಡೆ ಮುಚ್ಚಬೇಕು. ಎರಡಕ್ಕೂ ದಾರಿ ಗೊತ್ತಿರಬೇಕು.

ಇದನ್ನೆಲ್ಲ ನಾನು ಮನೆಯಲ್ಲಿ ಹೇಳುತ್ತಿದ್ದಾಗ ನಮ್ಮ ತಂದೆಯವರು ಸುಮ್ಮನೆ ಕೇಳುತ್ತ ಕುಳಿತಿದ್ದರು. ಅವರು ಮಗ್ಗದ ಕೆಲಸದವರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಮರಿ, ಪ್ರವಾಹ, ಉಬ್ಬರ ಯಾವುದನ್ನೂ ಅವರು ಕೇಳಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: “ಆ ಮರಿ ಹಿಡ್ಯೂ ಅರಿವಿ ಎಷ್ಟ ಸಣ್ಣ ನೇಯ್ಗಿ ಇರಬೇಕಲೇ?” ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಣ್ಣ ಕಣ್ಣು ಎಂದೆ. ಅವರು ಮಗ್ಗದ ಮೇಲಿನ ಅರಿವೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. “ನೇಯಬಹುದು” ಎಂದರು.

ಆಯಿಯೂ ಆಗ ಒಂದು ಮಾತು ಸೇರಿಸಿದಳು. ನೀರು ಸೋಸಿ ಕುಡಿಯಿರೆಂದು ಊರಿಗೆ ಹೇಳಲು ಬಂದವರ ಮಾತನ್ನು ಮೊದಲು ಯಾರೂ ನಂಬಲಿಲ್ಲವಂತೆ. ಆಕೆ ಮಾತ್ರ ಹಳೆಯ ಸೀರೆಯ ಸೆರಗನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟತೊಡಗಿದಳಂತೆ. ಆಕೆಯ ಕಾಲಿನಲ್ಲಿ ಬಂದ ನಾರು ನಮ್ಮ ತಂದೆಯವರ ಕಾಲಿನಲ್ಲಿ ಬರಲಿಲ್ಲ. ಕಾರವಾರದಲ್ಲಿ ದೋಣಿಯ ಹಿಂದೆ ಎಳೆದ ಚೀಲವೂ, ಕೆರೂರಿನಲ್ಲಿ ಕೊಡದ ಬಾಯಿಗೆ ಕಟ್ಟಿದ ಸೆರಗೂ ಮಾಡಿದ ಕೆಲಸ ಒಂದೇ: ಕಣ್ಣಿಗೆ ಕಾಣದ ಪ್ರವಾಸಿಯನ್ನು ದಾರಿಯಲ್ಲಿ ಹಿಡಿಯುವದು. ಒಂದು ತಿಳಿಯಲಿಕ್ಕೆ, ಇನ್ನೊಂದು ತಡೆಯಲಿಕ್ಕೆ.

ಬರುವ ಏಪ್ರಿಲಿನಲ್ಲಿ ನನ್ನ ಪರೀಕ್ಷೆ ಮುಗಿಯುತ್ತದೆ. ಆಮೇಲೆ ಎತ್ತ ಹೋಗುವೆನೋ ನನಗಿನ್ನೂ ತಿಳಿಯದು. ಆದರೆ ಒಮ್ಮೆ ಆಯಿಯನ್ನು ಕಾರವಾರಕ್ಕೆ ಕರೆದೊಯ್ದು, ಇಳಿತದ ಹೊತ್ತಿಗೆ ಆ ಉಸುಕಿನ ಮೇಲೆ ನಡೆಸಿ, ಹುಳದ ಮನೆಗಳನ್ನು ತೋರಿಸಬೇಕೆಂದಿದ್ದೇನೆ. ಈ ಸಲ ತುಳಿಯಬೇಡವೆಂದು ಹೇಳುವ ಸರದಿ ನನ್ನದು.